ಸಲೋನಿಕಾದ ತಲೆಲೆಕ್ಕ: ಲಿಖಿತಾಳಿಗೆ ಒಂದು ಕಾಗದ

ಮಡಿಕೇರಿ

ಚಿ. ಲಿಖಿತಾಳಿಗೆ ದೊಡ್ಡಮ್ಮನ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನ್ನ ಕರಡು ಓದಿದೆ. ಬರವಣಿಗೆ ಚೊಕ್ಕವಾಗಿದೆ, ಅದಕ್ಕೆ ನನ್ನ ತಕರಾರಿಲ್ಲ. ಮೂರನೇ ಪುಟದ ಗೆರೆಚಿತ್ರವನ್ನು ಮಾತ್ರ ಕಿತ್ತುಹಾಕು. ಗ್ರೀಸಿನ ಬಂದರು ಊರು ಥೆಸಲೋನಿಕಿಯಲ್ಲಿ (ಹಳೇ ಹೆಸರು ಸಲೋನಿಕಾ) 1913ರಲ್ಲಿ ಒಂದೂವರೆ ಲಕ್ಷ ಚಿಲ್ಲರೆ ಜನ, 1928ಕ್ಕೆ ಎರಡೂಕಾಲು ಲಕ್ಷ ದಾಟಿದೆ, ಹಾಗಾಗಿ ‘ಯುದ್ಧಗಳ ನಡುವೆಯೂ ಬಂದರು ಬೆಳೆಯುತ್ತಲೇ ಹೋಯಿತು’ ಎಂದು ಬರೆದಿದ್ದೀಯ. ಕೆರೆಗೆ ಒಂದು ಕಡೆ ತೂಬು ತೆರೆದು, ಇನ್ನೊಂದು ಕಡೆಯಿಂದ ತೋಡಿನ ನೀರು ತಿರುಗಿಸಿದರೂ ಮಟ್ಟ ಏರಿದ್ದಷ್ಟೇ ಕಾಣುತ್ತದೆ. ಆ ಹದಿನೈದು ವರ್ಷದಲ್ಲಿ ಊರಿನ ಅರ್ಧದಷ್ಟು ಮಂದಿ ಬದಲಾಗಿಹೋಗಿದ್ದಾರೆ ಮಗಳೇ. ನಿನ್ನ ಗೆರೆ ಅದನ್ನು ಮುಚ್ಚಿಟ್ಟಿದೆ.

ಮೊದಲು 1913ರ ಪಟ್ಟಿ. ಅದರಲ್ಲಿರುವುದು ಐದು ಸಾಲು: ಯಹೂದಿಗಳು 61,439, ಮುಸ್ಲಿಮರು 45,867, ಗ್ರೀಕರು 39,956, ಬಲ್ಗೇರಿಯನ್ನರು 6,263, ಪರದೇಶದವರು 4,364. ಕೂಡಿಸಿದರೆ ಸರಿಯಾಗಿ 1,57,889 ಬರಬೇಕು. ನಿನ್ನಲ್ಲಿ 1,53,525 ಬಂದಿದೆ, ಕೊನೆಯ ಸಾಲು ನಕಲು ಮಾಡುವಾಗ ಬಿಟ್ಟುಹೋಗಿದೆ. ಅದಕ್ಕೇ ಯಹೂದಿಗಳ ಪಾಲು ಶೇ. 40 ಆಗಿದೆ, ಆಗಬೇಕಾದದ್ದು 38.9. ವ್ಯತ್ಯಾಸ ಚಿಕ್ಕದು, ಆದರೆ ಬಂದರು ಊರಿನ ಲೆಕ್ಕದಲ್ಲಿ ಪರದೇಶದವರ ಸಾಲನ್ನೇ ಬಿಡುವುದೇ? ಯಾವ ಪಟ್ಟಿ ಎತ್ತಿಕೊಂಡರೂ ಮೊದಲು ನೀನೇ ಕೂಡಿಸಿ ನೋಡು. ಯಾರಿಗೂ ಬಹುಮತವಿಲ್ಲದ ಊರು ಇದು ಎನ್ನುವುದೂ ಆಗಲೇ ಕಣ್ಣಿಗೆ ಬೀಳುವುದು.

ಎಣಿಸಿದವರು ಯಾರು ಎನ್ನುವುದನ್ನೂ ಬರಿ. 1912ರ ಕೊನೆಯಲ್ಲಿ, ಅಲ್ಲಿಯ ತನಕ ಆಳುತ್ತಿದ್ದ ಒಟ್ಟೋಮನ್ ತುರ್ಕರ ಸೇನಾಪತಿ ಹಸನ್ ತಹ್ಸಿನ್ ಪಾಷಾ ಊರನ್ನು ಗ್ರೀಕ್ ಸೈನ್ಯಕ್ಕೆ ಒಪ್ಪಿಸಿದ. ಬೆನ್ನಿಗೇ ಬಲ್ಗೇರಿಯದ ಪಡೆಯೂ ಬಂದಿತ್ತು, ಇಬ್ಬರಿಗೂ ಊರು ಬೇಕಾಗಿತ್ತು. ಎಣಿಸಿದ್ದು ಹೊಸದಾಗಿ ಕೂತ ಗ್ರೀಕ್ ಆಡಳಿತ. ಸುಳ್ಳು ಲೆಕ್ಕ ಎಂದು ನಾನು ಹೇಳುತ್ತಿಲ್ಲ, ಸುಳ್ಳು ಬರೆಯುವವರು ತಮ್ಮವರನ್ನು ಮೂರನೇ ಸ್ಥಾನದಲ್ಲಿ ತೋರಿಸುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ಯುದ್ಧಕ್ಕೆ ಹೆದರಿ ಒಳನಾಡಿನಿಂದ ಸಾವಿರಾರು ಮುಸ್ಲಿಮರು ಪೇಟೆ ಸೇರಿದ್ದರು, ಹಡಗು ಹತ್ತಿ ಈಗಿನ ತುರ್ಕಿಯ ಅನಟೋಲಿಯಾಕ್ಕೆ ಹೋಗುತ್ತಲೂ ಇದ್ದರು. ನಮ್ಮ ತೋಟದ ಕೂಲಿಯವರ ಲೈನ್‌ಮನೆಗಳನ್ನು ಕಾಫಿ ಕುಯ್ಲಿನ ಜನವರಿಯಲ್ಲಿ ಎಣಿಸಿದರೆ ಒಂದು ಲೆಕ್ಕ, ಆಟಿ ಮಳೆಯಲ್ಲಿ ಎಣಿಸಿದರೆ ಇನ್ನೊಂದು. ಯುದ್ಧದೂರಿನಲ್ಲಿ ಇದರ ಹತ್ತರಷ್ಟು ಏರುಪೇರು ಇರುತ್ತದೆ. ಎಣಿಕೆಯ ವರ್ಷದ ಜೊತೆ ತಿಂಗಳನ್ನೂ ಹುಡುಕು.

ಹಿಂದಿನ ಭಾಗದಲ್ಲಿ ಒಂದು ದೊಡ್ಡ ಎಡವಟ್ಟಿದೆ. ‘1519ರಲ್ಲಿ 15,715 ಯಹೂದಿಗಳಿದ್ದರು’ ಎಂದಿದ್ದೀಯ, ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದ ಹಾಗೆ. ಒಟ್ಟೋಮನ್ನರ ದಫ್ತರಿನಲ್ಲಿರುವುದು ತಲೆಯಲ್ಲ, ತೆರಿಗೆ ಕಟ್ಟುವ ಮನೆ. ಅವರ ಮಾತಿನಲ್ಲಿ ‘ಹಾನೆ’. ಯಹೂದಿಗಳ ಮನೆ 3,143. ಯಾರೋ ಮನೆಗೆ ಐದು ಮಂದಿ ಎಂದು ಗುಣಿಸಿ 15,715 ಮಾಡಿದ್ದಾರೆ. ನಾಲ್ಕರಿಂದ ಗುಣಿಸಿದರೆ 12,572, ಆರರಿಂದ 18,858. ಆರು ಸಾವಿರ ಜನ ಬರೀ ಗುಣಕದಲ್ಲಿ ಹುಟ್ಟುತ್ತಾರೆ, ಸಾಯುತ್ತಾರೆ! ನಮ್ಮಲ್ಲಿ ಯಾರಾದರೂ ಕುಲದ ಮೂಲಮನೆಗಳಾದ ಐನ್‌ಮನೆಗಳನ್ನಷ್ಟೇ ಎಣಿಸಿ ಐದರಿಂದ ಗುಣಿಸಿದರೆ ಏನಾಗುತ್ತದೆ ಹೇಳು. ಒಂದು ಒಕ್ಕದಲ್ಲಿ, ಅಂದರೆ ಕುಲದಲ್ಲಿ, ಎಷ್ಟು ಒಲೆ ಉರಿಯುತ್ತದೆ ಎಂದು ಗೊತ್ತಿಲ್ಲದವರಿಗೆ ಕೊಡಗು ಅರ್ಧ ಬರಿದಾಗಿ ಕಾಣುತ್ತದೆ. ಆದ್ದರಿಂದ ಮನೆಯ ಸಂಖ್ಯೆಯನ್ನೇ ಕೊಡು, ಗುಣಕವನ್ನು ಪಕ್ಕದಲ್ಲಿ ಹೇಳು, ಪಾಲನ್ನು ಮನೆಗಳ ಮೇಲೇ ಲೆಕ್ಕ ಹಾಕು. ಯಹೂದಿಗಳದ್ದು 3,143, ಮುಸ್ಲಿಮರದ್ದು 1,374 ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಆ 3,143 ಮನೆಗಳ ಹಿಂದೆ ಇರುವುದೂ ಯುದ್ಧವೇ, ಅದನ್ನು ಬಿಡಬೇಡ. 1430ರಲ್ಲಿ ಒಟ್ಟೋಮನ್ ಸುಲ್ತಾನ ಎರಡನೇ ಮುರಾದ್ ಊರನ್ನು ಗೆದ್ದಾಗ ಜನರನ್ನು ಸೆರೆಹಿಡಿದು ಮಾರಿದರು, ಖಾಲಿಯಾದ ಊರಿಗೆ ಹೊರಗಿನಿಂದ ಮುಸ್ಲಿಮರನ್ನು ತಂದು ಕೂರಿಸಿದರು. 1453ರಲ್ಲಿ ಇಸ್ತಾಂಬುಲ್ ಕೈಗೆ ಬಂದ ಮೇಲೆ ಆ ರಾಜಧಾನಿ ತುಂಬಿಸಲು ಇಲ್ಲಿನ ಯಹೂದಿಗಳನ್ನು ಅಲ್ಲಿಗೆ ಸಾಗಿಸಿದರು. 1478ರ ದಫ್ತರಿನಲ್ಲಿ ಯಹೂದಿಗಳ ಹೆಸರೇ ಇಲ್ಲ. 1492ರಲ್ಲಿ ಸ್ಪೇನ್ ಹೊರಹಾಕಿದವರು ಬಂದು ಇಳಿದರು. 1478ರಿಂದ 1519ಕ್ಕೆ, ನಲವತ್ತೇ ವರ್ಷದ ಅಂತರದಲ್ಲಿ, ಊರಿನ ಅರ್ಧಕ್ಕೂ ಹೆಚ್ಚು ಅವರೇ.

1917ರ ಬೆಂಕಿಗೆ ಎರಡೇ ಸಾಲು ಕೊಟ್ಟಿದ್ದೀಯ, ಸಾಲದು. ಆಗಸ್ಟ್ 18, ಶನಿವಾರ. ನಿರಾಶ್ರಿತರು ತಂಗಿದ್ದ ಮನೆಯೊಂದರ ಅಡುಗೆ ಒಲೆಯ ಕಿಡಿ ಹುಲ್ಲಿಗೆ ಬಿತ್ತು. ವಾರ್ದಾರ್ ನದಿಯ ಕಣಿವೆಯಿಂದ ಬೀಸುವ ಬಿರುಗಾಳಿ ಅದನ್ನು ಬಂದರಿನ ಕಡೆಗೆ ಅಟ್ಟಿತು. 32 ಗಂಟೆಯಲ್ಲಿ 9,500 ಮನೆ ಸುಟ್ಟವು, 70,000ಕ್ಕೂ ಹೆಚ್ಚು ಮಂದಿ ಬೀದಿಗೆ ಬಂದರು, ಅವರಲ್ಲಿ 50,000ದಷ್ಟು ಯಹೂದಿಗಳು. ಲೆಕ್ಕ ಬದಲಾದದ್ದು ಬೆಂಕಿಗಿಂತ ಹೆಚ್ಚಾಗಿ ಆಮೇಲಿನ ಕಾನೂನಿನಿಂದ. ಸುಟ್ಟ ಜಾಗವನ್ನೆಲ್ಲ ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಎರ್ನೆಸ್ಟ್ ಎಬ್ರಾರ್ ಎಂಬ ಫ್ರೆಂಚ್ ವಾಸ್ತುಶಿಲ್ಪಿಯ ನಕ್ಷೆಯಂತೆ ಹೊಸ ಬೀದಿ ಎಳೆದರು. ಹಳಬರಿಗೆ ತಮ್ಮ ಜಾಗದಲ್ಲೇ ಮನೆ ಎಬ್ಬಿಸಲು ಬಿಡಲಿಲ್ಲ. ಬಡವರು ಊರಂಚಿಗೆ ಹೋದರು, ಬಹಳ ಮಂದಿ ಊರನ್ನೇ ಬಿಟ್ಟರು.

ಇನ್ನು 1923. ಜನವರಿ 30ರಂದು ಸ್ವಿಟ್ಜರ್ಲೆಂಡಿನ ಲೊಸಾನಿನಲ್ಲಿ ಆದ, ಗ್ರೀಸ್ ಮತ್ತು ತುರ್ಕಿ ತಮ್ಮ ಜನರನ್ನು ಕಡ್ಡಾಯವಾಗಿ ಅದಲುಬದಲು ಮಾಡಿಕೊಳ್ಳುವ ಒಪ್ಪಂದ ‘ಗ್ರೀಕರು, ತುರ್ಕರು ಊರು ಬದಲಿಸಿಕೊಂಡರು’ ಎಂದು ನೀನು ಬರೆದ ಹಾಗಿಲ್ಲ. ಅಲ್ಲಿ ಅಳತೆಗೋಲು ಧರ್ಮ, ಭಾಷೆಯಲ್ಲ. ತುರ್ಕಿ ಬಿಟ್ಟು ಬೇರೆ ಮಾತು ಬಾರದ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿಗೆ ಬಂದರು. ಯಹೂದಿ ಮೂಲದ, ಹದಿನೇಳನೇ ಶತಮಾನದಲ್ಲಿ ಇಸ್ಲಾಮಿಗೆ ಬಂದ ದೋನ್ಮೆಗಳು ಮುಸ್ಲಿಮರ ಲೆಕ್ಕದಲ್ಲಿ ಹೋದರು. ನಿನ್ನ 45,867ರ ಒಳಗೆ ಅವರೂ ಇದ್ದಾರೆ, ಆದರೆ ಪಟ್ಟಿಯಲ್ಲಿ ಹೆಸರಿಲ್ಲ. ಅರೆಭಾಷೆ ಆಡುವವರು ಮಾತೃಭಾಷೆಯ ಕಾಲಂನಲ್ಲಿ ಕನ್ನಡ ಎಂದು ಬರೆಸಿಬಿಟ್ಟರೆ ಅರೆಭಾಷೆ ಕಾಣೆಯಾದ ಹಾಗೆ. ಕಾಲಂ ಇಲ್ಲದವರು ಪಟ್ಟಿಯಲ್ಲಿ ಸಿಗುವುದಿಲ್ಲ. 1928ರ ಊರಿನಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿ ಹೀಗೆ ಆಚೆಯಿಂದ ಬಂದವರು.

ಬಂದವರ ಲೆಕ್ಕ ಸುಲಭ, ಹೋದವರದ್ದೇ ಕಷ್ಟ. ಅವರನ್ನು ಅವರು ಇಳಿದ ಊರಿನಲ್ಲಿ ಹುಡುಕಬೇಕು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡ ಕೆನರಾದ ಕ್ರೈಸ್ತರು ಮಂಗಳೂರಿನ ಕಾಗದದಲ್ಲಿ ಸಿಗದಿದ್ದರೆ ನಮ್ಮ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಇತಿಹಾಸದಲ್ಲಿ ಸಿಗುತ್ತಾರೆ, ಹಾಗೆ. ಸಲೋನಿಕಾದ ಹಮಾಲರು ಶನಿವಾರ ಕೆಲಸ ಮಾಡದ ಯಹೂದಿಗಳಾದ್ದರಿಂದ ಬಂದರು ಶನಿವಾರ ಮುಚ್ಚಿರುತ್ತಿತ್ತು. 1924ರಲ್ಲಿ ಭಾನುವಾರವೇ ಕಡ್ಡಾಯ ರಜೆಯಾಯಿತು. ಮೂವತ್ತರ ದಶಕದಲ್ಲಿ ಆ ಹಮಾಲರಲ್ಲಿ ಎಷ್ಟೋ ಮಂದಿ ಪ್ಯಾಲೆಸ್ಟೈನಿನ ಹೈಫಾ ಬಂದರಿಗೆ ಹೋದರು. ಅವರಿಗಾಗಿ ಹೈಫಾದ ದಾಖಲೆ ನೋಡು, ಮುಸ್ಲಿಮರಿಗಾಗಿ ಇಜ್ಮಿರ್, ಇಸ್ತಾಂಬುಲ್.

1943ರ ವಿಷಯದಲ್ಲಿ ಜನಗಣತಿಯನ್ನು ನೆಚ್ಚಲೇಬೇಡ. 1940ರ ಎಣಿಕೆ ಆದದ್ದು ಅಕ್ಟೋಬರ್ 16ಕ್ಕೆ, ಇಟಲಿ ದಾಳಿ ಮಾಡಿದ್ದು 28ಕ್ಕೆ. ಮುಂದಿನ ಎಣಿಕೆ 1951ರಲ್ಲಿ. ನಡುವೆ, 1943ರ ಮಾರ್ಚ್ 15ರಿಂದ ಆಗಸ್ಟ್ ತನಕ 19 ರೈಲುಗಳಲ್ಲಿ 45,000ಕ್ಕೂ ಹೆಚ್ಚು ಯಹೂದಿಗಳನ್ನು ನಾಜಿ ಜರ್ಮನರು ಸಾಗಿಸಿದರು, ಬಹುತೇಕ ಎಲ್ಲರನ್ನೂ ಆಷ್ವಿಟ್ಜ್-ಬಿರ್ಕೆನೌ ಎಂಬ ಹತ್ಯಾ ಶಿಬಿರಕ್ಕೆ. ಯುದ್ಧ ಮುಗಿದ ಮೇಲೆ ಊರಿನಲ್ಲಿ ಎರಡು ಸಾವಿರ ಯಹೂದಿಗಳೂ ಇರಲಿಲ್ಲ. ಅಷ್ಟರಲ್ಲಿ ಗ್ರೀಸಿನ 1946-49ರ ಅಂತರ್ಯುದ್ಧಕ್ಕೆ ಹೆದರಿದ ಹಳ್ಳಿಯವರು ಪೇಟೆ ಸೇರಿದ್ದರು. ಎರಡು ಎಣಿಕೆಗಳನ್ನು ಅಕ್ಕಪಕ್ಕ ಇಟ್ಟರೆ ಏನೂ ಆಗಿಲ್ಲದ ಹಾಗೆ ಕಾಣುತ್ತದೆ. ಇಲ್ಲಿ ಗೆರೆ ಎಳೆಯಬೇಡ, ರೈಲುಗಳ ಪಟ್ಟಿಯನ್ನೇ ಹಾಕು.

ಸಣ್ಣಪುಟ್ಟದ್ದು ಎರಡಿದೆ. ಗ್ರೀಸ್ 1923ರ ತನಕ ಹಳೇ ಪಂಚಾಂಗದಲ್ಲಿತ್ತು, 13 ದಿನ ಹಿಂದೆ. ಬೆಂಕಿಗೆ ಒಂದು ಕಡೆ ಆಗಸ್ಟ್ 5, ಇನ್ನೊಂದು ಕಡೆ 18 ಎಂದು ಬರೆದಿದ್ದೀಯ, ಎರಡೂ ಒಂದೇ ದಿನ. ಇನ್ನೊಂದು, 1981ರ 4,06,413ರಿಂದ 2011ರ 3,25,182ಕ್ಕೆ ಇಳಿದದ್ದನ್ನು ಯುದ್ಧದ ಖಾತೆಗೆ ಹಾಕಬೇಡ. ಅದು ನಗರಸಭೆಯ ಗಡಿಯೊಳಗಿನ ಲೆಕ್ಕ ಅಷ್ಟೇ, ಸುತ್ತಲಿನ ಬಡಾವಣೆ ಸೇರಿದರೆ ಎಂಟು ಲಕ್ಷದ ಹತ್ತಿರ.

ಮೂರನೇ ಪುಟ ತಿದ್ದಿ ಕಳಿಸು, ಬಾಕಿಯದ್ದಕ್ಕೆ ಅವಸರವಿಲ್ಲ. ಈ ಸಲ ಕೂಡಿಸಿದ ಲೆಕ್ಕದ ಹಾಳೆಯನ್ನೂ ಜೊತೆಗಿಡು.

ನಿನ್ನ ದೊಡ್ಡಮ್ಮ