ಮಾಜಿ ಸೈನಿಕರ ಚಿಕಿತ್ಸೆ: ಆಸ್ಪತ್ರೆಗಳ ಬಾಕಿಗೆ ಗಡುವು ಬೇಕು

ಮಾನ್ಯ ಸಂಪಾದಕರೇ,

ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆ, ಅಂದರೆ ನಾವೆಲ್ಲ ಇಸಿಎಚ್‌ಎಸ್ ಎಂದು ಕರೆಯುವ ವ್ಯವಸ್ಥೆ, 2003ರ ಏಪ್ರಿಲ್ 1ರಂದು ಜಾರಿಗೆ ಬಂತು. ಯೋಜನೆಯದೇ ಚಿಕಿತ್ಸಾಲಯವಾದ ಪಾಲಿಕ್ಲಿನಿಕ್‌ನ ವೈದ್ಯರು ಪರೀಕ್ಷಿಸಿ, ಹೆಚ್ಚಿನ ಚಿಕಿತ್ಸೆ ಬೇಕೆನಿಸಿದರೆ ರೆಫರಲ್ ಬರೆದುಕೊಟ್ಟು, ಯೋಜನೆಯ ಒಪ್ಪಂದಕ್ಕೆ ಸಹಿ ಹಾಕಿರುವ ಖಾಸಗಿ ಆಸ್ಪತ್ರೆಗೆ ಕಳುಹಿಸುತ್ತಾರೆ. ಅಲ್ಲಿ ರೋಗಿ ಹಣ ಕಟ್ಟಬೇಕಾಗಿಲ್ಲ, ಬಿಲ್ಲನ್ನು ಸರ್ಕಾರವೇ ಭರಿಸುತ್ತದೆ. ಸುಬೇದಾರನಾಗಿ ನಿವೃತ್ತನಾಗಿ ಮೈಸೂರಿನಲ್ಲಿ ನೆಲೆಸಿರುವ ನನ್ನಂಥವರಿಗೆ ಇದು ದೊಡ್ಡ ಆಸರೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸರ್ಕಾರ ಆ ಬಿಲ್ಲನ್ನು ಯಾವಾಗ ಭರಿಸುತ್ತದೆ ಎಂಬ ಪ್ರಶ್ನೆಯಲ್ಲೇ ಯೋಜನೆ ಸೊರಗುತ್ತಿದೆ.

ಬಾಕಿ ಇರುವುದು ಸರ್ಕಾರಕ್ಕೂ ಆಸ್ಪತ್ರೆಗೂ ನಡುವೆ, ಅದರಿಂದ ರೋಗಿಗೇನು ಎಂದು ಕೆಲವರು ಕೇಳಬಹುದು. ಹಣ ಬಾರದ ಆಸ್ಪತ್ರೆ ನಮ್ಮನ್ನು ಬಾಯಿಬಿಟ್ಟು ಹೊರಗೆ ಕಳುಹಿಸುವುದಿಲ್ಲ. ಹಾಸಿಗೆ ಖಾಲಿಯಿಲ್ಲ ಎನ್ನುತ್ತದೆ, ಶಸ್ತ್ರಚಿಕಿತ್ಸೆಯ ದಿನಾಂಕವನ್ನು ಮುಂದೂಡುತ್ತದೆ, ಅಥವಾ ಸದ್ಯಕ್ಕೆ ಮುಂಗಡ ಕಟ್ಟಿ, ಆಮೇಲೆ ನೋಡೋಣ ಎನ್ನುತ್ತದೆ. ಕುಟುಂಬ ಪಿಂಚಣಿಯಲ್ಲಿ ಬದುಕುವ ವಯಸ್ಸಾದ ತಾಯಂದಿರು ಇಂಥ ಕಡೆ ವಾದಿಸಲು ಆಗದೆ ಮಕ್ಕಳ ಮುಖ ನೋಡುತ್ತಾರೆ. ಯೋಜನೆಯಲ್ಲಿಲ್ಲದ ಆಸ್ಪತ್ರೆಗೆ ತುರ್ತಾಗಿ ಸೇರಿ ಸ್ವಂತ ಹಣ ಕೊಟ್ಟವರಿಗಂತೂ ಮರುಪಾವತಿಯ ಇನ್ನೊಂದು ಕಾಯುವಿಕೆ ಆರಂಭವಾಗುತ್ತದೆ.

ಈ ಚಿಕಿತ್ಸೆ ಯಾರ ಔದಾರ್ಯವೂ ಅಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 1996ಕ್ಕೂ ಮೊದಲು ನಿವೃತ್ತರಾದವರು, ಯುದ್ಧದಲ್ಲಿ ಪತಿಯನ್ನು ಕಳೆದುಕೊಂಡವರು ಮುಂತಾದವರಿಗೆ ವಿನಾಯಿತಿ ಇದೆ; ಉಳಿದವರು ಒಂದೇ ಕಂತಿನ ವಂತಿಗೆ ಕೊಟ್ಟು ಸದಸ್ಯರಾಗುತ್ತಾರೆ. 2017ರ ಕೊನೆಯಲ್ಲಿ ಅದನ್ನು ಹವಾಲ್ದಾರ್ ದರ್ಜೆಯವರೆಗೆ 30,000 ರೂಪಾಯಿ, ಸುಬೇದಾರರಂಥ ಕಿರಿಯ ಅಧಿಕಾರಿಗಳಾದ ಜೆಸಿಓಗಳಿಗೆ 67,000 ರೂಪಾಯಿ, ಅಧಿಕಾರಿಗಳಿಗೆ 1,20,000 ರೂಪಾಯಿ ಎಂದು ನಿಗದಿಪಡಿಸಲಾಯಿತು. ನಮ್ಮ ಪಾಲನ್ನು ನಾವು ಮುಂಗಡವಾಗಿಯೇ ಕೊಟ್ಟಿರುವಾಗ ಸರ್ಕಾರದ ಪಾಲು ಮಾತ್ರ ತಡವಾಗುವುದೇಕೆ?

ಆಸ್ಪತ್ರೆಗಳೆಲ್ಲ ಸಾಚಾ ಎಂದು ನಾನು ಹೇಳುವುದಿಲ್ಲ. ಬೇಡದ ಪರೀಕ್ಷೆ ಮಾಡಿಸುವವರೂ, ಅಗತ್ಯಕ್ಕಿಂತ ಎರಡು ದಿನ ಹೆಚ್ಚು ಮಲಗಿಸುವವರೂ ಇದ್ದಾರೆ. ಬಿಲ್ಲುಗಳನ್ನು ತಜ್ಞರು ಪರಿಶೀಲಿಸಿ ಕಡಿತ ಮಾಡುವುದು ನ್ಯಾಯವೇ. ಆ ಕೆಲಸಕ್ಕಾಗಿಯೇ 2012ರಿಂದ ಹಂತಹಂತವಾಗಿ ಆನ್‌ಲೈನ್ ವ್ಯವಸ್ಥೆ ತಂದು ಪ್ರತ್ಯೇಕ ಸಂಸ್ಥೆಗೆ ಹೊಣೆ ವಹಿಸಲಾಯಿತು. ಆದರೂ ಈ ಯೋಜನೆಯ ಕುರಿತು ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ 2015ರಲ್ಲಿ ನೀಡಿದ ವರದಿ ಬಿಲ್ ವಿಲೇವಾರಿಯ ವಿಳಂಬವನ್ನು ಎತ್ತಿ ತೋರಿಸಿತ್ತು. ಅನುಮಾನವಿರುವ ಬಾಬ್ತನ್ನು ತಡೆಹಿಡಿಯಲಿ, ಆದರೆ ಅದರ ನೆಪದಲ್ಲಿ ತಕರಾರೇ ಇಲ್ಲದ ಮೊತ್ತವನ್ನೂ ಕಟ್ಟಿಹಾಕಬಾರದು. ಕೇಂದ್ರ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್ ದರಗಳನ್ನೇ ಆಧಾರವಾಗಿಟ್ಟುಕೊಂಡ ಕಡಿಮೆ ದರಕ್ಕೆ ಒಪ್ಪಿದ ಆಸ್ಪತ್ರೆಗೆ ಆ ದುಡ್ಡೂ ಸಕಾಲಕ್ಕೆ ಸಿಗದಿದ್ದರೆ, ದೊಡ್ಡ ಆಸ್ಪತ್ರೆ ಹೇಗೋ ತಾಳಿಕೊಂಡೀತು. ಔಷಧ ಅಂಗಡಿಯ ಬಾಕಿ, ದಾದಿಯರ ಸಂಬಳ ಎಂದು ತಿಂಗಳ ಲೆಕ್ಕದಲ್ಲಿ ಬದುಕುವ ನಮ್ಮೂರಿನ ನರ್ಸಿಂಗ್ ಹೋಮ್ ಒಪ್ಪಂದದಿಂದಲೇ ಹೊರಬರುತ್ತದೆ. ಆಗ ಹಳ್ಳಿಯ ಸೈನಿಕನಿಗೆ ಬೆಂಗಳೂರಿನಲ್ಲಿರುವ ಸೇನಾಪಡೆಗಳ ಕಮಾಂಡ್ ಆಸ್ಪತ್ರೆಯೇ ಗತಿ.

ಪಾವತಿಗೆ ಗಡುವು ಎಂಬುದು ಹೊಸ ವಿಚಾರವೇನಲ್ಲ. ಮಾಜಿ ಯೋಧರನ್ನು ಖಾಸಗಿ ವೈದ್ಯರ ಬಳಿಗೂ ಕಳುಹಿಸುವ ಅಮೆರಿಕದಲ್ಲಿ ಇದೇ ದೂರು ಬಹುಕಾಲ ಕೇಳಿಬಂದು, 2018ರ ಮಿಷನ್ ಕಾಯ್ದೆಯಲ್ಲಿ ವಿದ್ಯುನ್ಮಾನ ಬಿಲ್ಲಿಗೆ 30 ದಿನ, ಕಾಗದದ ಬಿಲ್ಲಿಗೆ 45 ದಿನ ಎಂದು ಗಡುವು ಬರೆದು, ತಪ್ಪಿದರೆ ಬಡ್ಡಿ ಎಂದೂ ಸೇರಿಸಿದರು. ಅಷ್ಟು ದೂರವೇಕೆ, 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ ಕಬ್ಬು ಪಡೆದ 14 ದಿನಗಳೊಳಗೆ ರೈತನಿಗೆ ಹಣ ಕೊಡಬೇಕು, ತಡವಾದರೆ ವಾರ್ಷಿಕ ಶೇ 15ರ ಬಡ್ಡಿ ಸೇರಿಸಬೇಕು. ಅದು ಎಷ್ಟರಮಟ್ಟಿಗೆ ಪಾಲನೆಯಾಗುತ್ತಿದೆ ಎಂಬುದನ್ನು ಮಂಡ್ಯದವರಿಗೆ ನಾನು ಹೇಳಿಕೊಡಬೇಕಿಲ್ಲ. ಆದರೂ ನಿಯಮವೊಂದು ಇರುವುದರಿಂದ ರೈತ ಜಿಲ್ಲಾಧಿಕಾರಿ ಕಚೇರಿಯ ಮುಂದೆ ನಿಂತು ಹಕ್ಕಿನಿಂದ ಕೇಳುತ್ತಾನೆ. ಕಾರ್ಖಾನೆಗೆ ಗಡುವು ಹಾಕಿದ ಸರ್ಕಾರ ತನಗೂ ಅಂಥದೊಂದನ್ನು ಹಾಕಿಕೊಳ್ಳಲಿ.

ರಕ್ಷಣಾ ಸಚಿವಾಲಯ ಮಾಡಬೇಕಾದದ್ದು ಇಷ್ಟು: ಬಿಲ್ ಸಲ್ಲಿಕೆಯಾದ 30 ದಿನಗಳೊಳಗೆ ವಿವಾದವಿಲ್ಲದ ಮೊತ್ತವನ್ನು ಪಾವತಿಸಬೇಕು, ತಡವಾದರೆ ಯಾರೂ ಅರ್ಜಿ ಹಾಕದೆಯೇ ಬಡ್ಡಿ ಸೇರಬೇಕು, ಪ್ರತಿ ಪ್ರಾದೇಶಿಕ ಕೇಂದ್ರದಲ್ಲಿ ಎಷ್ಟು ಬಿಲ್ ಎಷ್ಟು ದಿನದಿಂದ ಉಳಿದಿದೆ ಎಂಬ ಪಟ್ಟಿ ತಿಂಗಳಿಗೊಮ್ಮೆ ಪ್ರಕಟವಾಗಬೇಕು. ಆರ್ಥಿಕ ವರ್ಷದ ಕೊನೆಯಲ್ಲಿ ಅನುದಾನ ಬತ್ತಿ ಬಿಲ್ಲುಗಳು ಮುಂದಿನ ವರ್ಷಕ್ಕೆ ಜಾರದಂತೆ ಬಜೆಟ್ ಅಂದಾಜಿನಲ್ಲೇ ಹಿಂಬಾಕಿಯನ್ನು ಬೇರೆಯಾಗಿ ತೋರಿಸಬೇಕು. ಮೈಸೂರು–ಕೊಡಗು ಮತ್ತು ಮಂಡ್ಯ ಕ್ಷೇತ್ರಗಳ ಸಂಸದರು ಸಚಿವಾಲಯದಿಂದ ಮೊದಲು ಈ ಬಾಕಿಯ ಲೆಕ್ಕವನ್ನಾದರೂ ಕೇಳಿ ಪಡೆದು ಜನರ ಮುಂದಿಡಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ನಿವೃತ್ತ ಸುಬೇದಾರ್, ಮೈಸೂರು