ಶಾಲೆಗೆ ಎಷ್ಟು ಬೆಲೆಯ ಫೋನ್ ಬೇಕು? ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಹೋದ ವಾರ ಒಂಬತ್ತನೇ ತರಗತಿಯ ಹುಡುಗನೊಬ್ಬನ ತಂದೆ ತೋಟದ ಕೆಲಸ ಬಿಟ್ಟು ಶಾಲೆಗೆ ಬಂದಿದ್ದರು. ಬಾಗಿಲಲ್ಲೇ ನಿಂತು, "ಮೇಡಂ, ಶಾಲೆ ಕೆಲಸಕ್ಕೆ ಹದಿನೆಂಟು ಸಾವಿರದ ಫೋನೇ ಆಗ್ಬೇಕಂತಲ್ಲ, ಸೊಸೈಟಿಲಿ ಸಾಲ ಕೇಳಿದೀನಿ" ಅಂದರು. ನಾನು ಹಾಗೆ ಹೇಳಿಲ್ಲ, ನಮ್ಮ ಶಿಕ್ಷಕರ್‍ಯಾರೂ ಹೇಳಿಲ್ಲ. ಹೇಳಿದ್ದು ಮಗ. ಅವನನ್ನು ಕರೆಸಿದೆ. ತಲೆ ತಗ್ಗಿಸಿ ನಿಂತ. ನಾನು ಬೈಯಲಿಲ್ಲ. ಅವನ ವಯಸ್ಸಿನಲ್ಲಿ ನಾನೂ "ಸ್ಕೂಲಲ್ಲಿ ಹೇಳಿದಾರೆ" ಅಂತ ಸುಳ್ಳು ಹೇಳಿ ಅಪ್ಪನ ಹತ್ತಿರ ಹೀರೋ ಪೆನ್ ಕೊಡಿಸಿಕೊಂಡವಳೇ.

ಇದೇ ಮಾತು ಇನ್ನೂ ನಾಲ್ಕು ಮನೆಗಳಲ್ಲಿ ನಡೆದಿರಬಹುದು, ಅದಕ್ಕೇ ಈ ಪತ್ರ. ಮನೆಯಲ್ಲಿ ಏಳೆಂಟು ಸಾವಿರದ ಒಂದು ಸ್ಮಾರ್ಟ್‌ಫೋನ್ ಇದ್ದರೆ ಶಾಲೆಯ ಮಟ್ಟಿಗೆ ಧಾರಾಳವಾಯಿತು. ಅದು ಮಗುವಿನದ್ದಾಗಬೇಕಿಲ್ಲ, ಮನೆಯದ್ದಾಗಿರಲಿ. ಶಾಲೆಗಂತೂ ಅದನ್ನು ತರುವ ಹಾಗಿಲ್ಲ.

ಬಾಯಿಮಾತಿಗೆ ಹೇಳುತ್ತಿಲ್ಲ, ಪರೀಕ್ಷೆ ಮಾಡಿಯೇ ನೋಡಿದೆ. ನಮ್ಮ ಬಿಸಿಯೂಟದ ಅಡುಗೆಯ ಅಕ್ಕನ ಫೋನ್ ಇಸಿದುಕೊಂಡೆ. ಮೂರು ವರ್ಷ ಹಳೆಯದು, ಗಾಜಿನ ಒಂದು ಮೂಲೆ ಒಡೆದು ಟೇಪು ಹಚ್ಚಿದ್ದು, 2 ಜಿಬಿ ರ್‍ಯಾಮ್, 32 ಜಿಬಿ ಸ್ಟೋರೇಜ್. ರ್‍ಯಾಮ್ ಅಂದರೆ ಫೋನ್ ಕೆಲಸ ಮಾಡುವಾಗ ಬಳಸುವ ಮೆಮೊರಿ, ಸ್ಟೋರೇಜ್ ಅಂದರೆ ಆ್ಯಪ್, ಫೋಟೊ, ವಿಡಿಯೊ ಉಳಿಯುವ ಜಾಗ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಹಿಡಿದು ಪಾಠ ತೆರೆಯಲು ದೀಕ್ಷಾ ಆ್ಯಪ್ ಹಾಕಬೇಕಲ್ಲ, ಮೊದಲು ಅದು ಇಳಿಯಲೇ ಇಲ್ಲ. ಜಾಗ ಸಾಲದು ಎಂದಿತು. ಒಳಗೆ ನೋಡಿದರೆ ವಾಟ್ಸಾಪಿನ ಶುಭೋದಯದ ಹೂವುಗಳು, ದೇವರ ಹಾಡುಗಳು, ಯಾರದೋ ಮದುವೆಯ ವಿಡಿಯೊಗಳು. ಅವುಗಳ ನಡುವೆ ನಮ್ಮದೇ ಶಾಲಾ ಗ್ರೂಪಿಗೆ ನಾನೇ ಹಾಕಿದ ಕ್ರೀಡಾಕೂಟದ ಹನ್ನೊಂದು ವಿಡಿಯೊ! ನಿಮ್ಮ ಫೋನ್ ತುಂಬಿಸಿದವರಲ್ಲಿ ನಾನೂ ಒಬ್ಬಳು ಎಂದು ಆಗ ಗೊತ್ತಾಯಿತು. ಇನ್ನು ಮುಂದೆ ಗ್ರೂಪಿಗೆ ಸೂಚನೆ ಬರಹದಲ್ಲೇ ಬರುತ್ತದೆ, ಹೆಚ್ಚೆಂದರೆ ಜೊತೆಗೆ ಒಂದು ಫೋಟೊ.

ಅದನ್ನೆಲ್ಲ ಅಳಿಸಿದ ಮೇಲೆ ದೀಕ್ಷಾ ಬಂತು. ವಿಜ್ಞಾನ ಪುಸ್ತಕದ ಕೋಡ್ ಹಿಡಿದು, ಅದು ತೆರೆಯುವ ಹೊತ್ತಿಗೆ ನಾನು ಎರಡು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಮುಗಿಸಿದ್ದೆ. ನಿಧಾನ, ಸುಳ್ಳಲ್ಲ. ಆದರೆ ತೆರೆದ ಮೇಲೆ ಪಾಠ ಎಲ್ಲೂ ನಿಲ್ಲದೆ ಓಡಿತು. ಇಳಿಸಿಟ್ಟುಕೊಂಡರೆ ಮನೆಯಲ್ಲಿ ನೆಟ್ ಇಲ್ಲದೆಯೂ ನೋಡಬಹುದು. ಹೋಂವರ್ಕಿನ ಪುಟವೊಂದರ ಫೋಟೊ ತೆಗೆದೆ. ಕಿಟಕಿ ಪಕ್ಕದಲ್ಲಿ ಅಕ್ಷರ ಚೆನ್ನಾಗಿ ಬಿತ್ತು, ಸಂಜೆ ಟ್ಯೂಬ್‌ಲೈಟಿನ ಕೆಳಗೆ ಮಸುಕು. ಹಗಲಲ್ಲೇ ತೆಗೆದರಾಯಿತು.

ಹೊಸದು ಕೊಳ್ಳುವವರಿಗೆ ನಾಲ್ಕು ಮಾತು. ಅಂಗಡಿಯಲ್ಲಿ ಮೊದಲು ತೋರಿಸುವುದು ಕ್ಯಾಮೆರಾ. ನೀವು ಮೊದಲು ಕೇಳಬೇಕಾದ್ದು ಸ್ಟೋರೇಜ್ ಮತ್ತು ರ್‍ಯಾಮ್. 2022ರಲ್ಲಿ ಬಂದ ಆಂಡ್ರಾಯ್ಡ್ 13 ಗೋ, ಅಂದರೆ ಅಗ್ಗದ ಫೋನುಗಳಿಗೆಂದೇ ಹಗುರ ಮಾಡಿದ, ಫೋನ್ ನಡೆಸುವ ತಂತ್ರಾಂಶ, ಅದಕ್ಕೇ ಕನಿಷ್ಠ 2 ಜಿಬಿ ರ್‍ಯಾಮ್ ಬೇಕೆಂದು ಗೂಗಲ್ ನಿಗದಿ ಮಾಡಿತು. ಅಂದಮೇಲೆ ಇವತ್ತು ಹೊಸದಾಗಿ ದುಡ್ಡು ಹಾಕುವವರು 4 ಜಿಬಿ ರ್‍ಯಾಮ್, 64 ಜಿಬಿ ಸ್ಟೋರೇಜಿಗಿಂತ ಕೆಳಗೆ ಇಳಿಯಬೇಡಿ. ಡಬ್ಬದ ಮೇಲೆ "8 ಜಿಬಿ" ಎಂದು ದಪ್ಪಕ್ಷರದಲ್ಲಿ ಇದ್ದು, ಕೆಳಗೆ ಇರುವೆ ಗಾತ್ರದಲ್ಲಿ "4+4" ಎಂದಿದ್ದರೆ ನಿಜವಾದ ರ್‍ಯಾಮ್ ನಾಲ್ಕೇ. ಉಳಿದ ನಾಲ್ಕು ಸ್ಟೋರೇಜಿನಿಂದ ಕಡ ತಂದದ್ದು, ಅಷ್ಟು ಚುರುಕಿರುವುದಿಲ್ಲ.

ಹಳೆಯ ಫೋನ್ ಕೊಳ್ಳುವವರು *#06# ಒತ್ತಿ. ತೆರೆಯ ಮೇಲೆ 15 ಅಂಕಿಯ ಐಎಂಇಐ ಸಂಖ್ಯೆ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಬರುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಎಂಬ ಮೂರು ಅಕ್ಷರ ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಬರೆದು 14422ಕ್ಕೆ ಮೆಸೇಜ್ ಕಳಿಸಿ. ಕಳುವಿನ ಮಾಲೆಂದು ತಡೆ ಹಿಡಿದದ್ದಾದರೆ ತಿಳಿಯುತ್ತದೆ. ತೀರ ಹಳೆಯ ಆಂಡ್ರಾಯ್ಡ್ ಇದ್ದರೆ ಎಷ್ಟು ಅಗ್ಗವಾದರೂ ಬೇಡ. ಅಂಥದ್ದರಲ್ಲಿ ಬ್ಯಾಂಕಿನ ಆ್ಯಪ್‌ಗಳು, ವಾಟ್ಸಾಪ್ ಒಂದೊಂದಾಗಿ ಕೈಕೊಡುತ್ತವೆ.

ನಮ್ಮ ಮಲೆನಾಡಿನ ಪಾಡು ಬೇರೆಯೇ. ಇಪ್ಪತ್ತು ಸಾವಿರ ಕೊಟ್ಟರೂ ಗುಡ್ಡದ ಹಿಂದಿನ ಮನೆಗೆ ಟವರ್ ಬರುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಅಂಗಳದಲ್ಲಿ ಯಾವ ಸಿಮ್‌ಗೆ ಸಿಗ್ನಲ್ ಇದೆ ಎಂದು ಪಕ್ಕದ ಮನೆಯವರ ಫೋನ್ ಹಿಡಿದು ನೋಡಿ. 5ಜಿ ಟವರೇ ಇಲ್ಲದ ಊರಿನಲ್ಲಿ 5ಜಿ ಫೋನಿಗೆ ಹೆಚ್ಚು ಹಣ ಯಾಕೆ? ಮನೆಗೆ ಫೈಬರ್ ಎಳೆಸಿಕೊಂಡವರು ಮಾತ್ರ "ವೈಫೈ ಕಾಲಿಂಗ್ ಇದೆಯಾ" ಎಂದು ಕೇಳಿಯೇ ಕೊಳ್ಳಿ. ಅದಿದ್ದರೆ ಟವರ್ ಇಲ್ಲದಿದ್ದರೂ ಮನೆಯ ವೈಫೈ ಮೂಲಕ ಕರೆ ಮಾಡಬಹುದು. ಅಗ್ಗದ ಫೋನುಗಳಲ್ಲಿ ಎಲ್ಲದರಲ್ಲೂ ಅದು ಇರುವುದಿಲ್ಲ. ಮಳೆಗಾಲದಲ್ಲಿ ಟವರ್ ಮಲಗಿದಾಗ ಅದರ ಬೆಲೆ ಗೊತ್ತಾಗುತ್ತದೆ.

ಫೋನಿಗಿಂತ ನನಗೆ ಹೆಚ್ಚು ತಲೆಬಿಸಿ ಕೊಡುವುದು ನಂಬರು. ಎಂಟನೇ ತರಗತಿಯ ಮಕ್ಕಳು ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಅದರ ಅರ್ಜಿಗೂ ಓಟಿಪಿ ಬೇಕು. ಆಯ್ಕೆಯಾಗಿದ್ದ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾವು ಅರ್ಜಿ ತುಂಬಿದೆವು. ಓಟಿಪಿ ಹೋಗಿದ್ದು ಅವಳ ಅಪ್ಪ ಆಫರ್ ಮುಗಿಯಿತೆಂದು ಎಂದೋ ಬಿಸಾಡಿದ್ದ ಸಿಮ್‌ಗೆ. ಕೊನೆಯ ದಿನಾಂಕಕ್ಕೆ ಎರಡು ದಿನ ಇರುವಾಗ ಆಧಾರ್‌ನಲ್ಲಿದ್ದ ಆ ನಂಬರು ತಿದ್ದಿಸಲು ತಾಲ್ಲೂಕಿಗೆ ಓಡಿದರು. ರೀಚಾರ್ಜ್ ಮಾಡದೆ ಬಿಟ್ಟ ನಂಬರು ಕಡೆಗೆ ಬೇರೆಯವರ ಪಾಲಾಗುತ್ತದೆ. ಮನೆಯಲ್ಲಿ ಒಂದು ನಂಬರು ಶಾಶ್ವತವಾಗಿರಲಿ, ಆಧಾರ್, ಬ್ಯಾಂಕ್, ಶಾಲೆ ಮೂರಕ್ಕೂ ಅದೇ ಇರಲಿ. ಅಷ್ಟಕ್ಕೆ ಬಟನ್ ಫೋನೂ ನಡೆಯುತ್ತದೆ. ಬಟನ್ ಫೋನ್ ಮಾತ್ರ ಇರುವ ಮನೆಗಳಿಗೆ ಎಲ್ಲ ಸೂಚನೆಗಳನ್ನೂ ಮಗುವಿನ ಡೈರಿಯಲ್ಲಿ ಬರೆದು ಕಳಿಸುತ್ತೇವೆ. ಇಲ್ಲ ಎಂದು ಹೇಳಿಕೊಳ್ಳಲು ಯಾರೂ ಸಂಕೋಚಪಡಬೇಡಿ.

2020ರಲ್ಲಿ ಶಾಲೆ ಮುಚ್ಚಿದ್ದಾಗ ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಚಂದನ ವಾಹಿನಿಯ ಸಂವೇದ ಪಾಠಗಳನ್ನು ನೋಡಿಕೊಂಡೇ ಓದಿದವರು, ಫೋನ್ ಮುಟ್ಟಿದವರಲ್ಲ. ಈಗ ಎದುರಿಗೇ ಶಿಕ್ಷಕರಿದ್ದಾರೆ. ದಿನಕ್ಕೆ ಅರ್ಧ ಗಂಟೆ, ಅದೂ ಜಗಲಿಯಲ್ಲಿ ನಿಮ್ಮ ಕಣ್ಣೆದುರಿಗೆ, ಫೋನ್ ಸಿಕ್ಕರೆ ಶಾಲೆಯ ಕೆಲಸ ಮುಗಿಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಬೇಕೆಂದು ಮಗು ಹೇಳಿದರೆ ಯಾವ ಪಾಠಕ್ಕೆ ಎಂದು ನನಗೇ ಕರೆ ಮಾಡಿ ಕೇಳಿ.

ಆ ತಂದೆ ಸಾಲದ ಅರ್ಜಿ ವಾಪಸು ತೆಗೆದುಕೊಂಡರು. ಮನೆಯಲ್ಲಿದ್ದ ಹಳೆಯ ಫೋನನ್ನೇ ತಂದುಕೊಟ್ಟರು, ನಮ್ಮ ಗಣಿತದ ಮೇಷ್ಟ್ರು ಅದನ್ನು ಸ್ವಚ್ಛ ಮಾಡಿಕೊಟ್ಟರು. ನಿಮ್ಮದೂ ನಿಧಾನವಾಗಿದ್ದರೆ ಬರುವ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ತನ್ನಿ. ಚಾರ್ಜರ್ ಜೊತೆಗಿರಲಿ. ಬೇಕಾದ ಫೋಟೊಗಳು ಯಾವುವು ಎಂದು ಮನೆಯಲ್ಲೇ ನೋಡಿಕೊಂಡು ಬನ್ನಿ, ಅಜ್ಜಿಯ ಫೋಟೊ ಅಳಿಸಿಹೋಯಿತು ಎಂದು ಆಮೇಲೆ ಮೇಷ್ಟ್ರನ್ನು ಬೈಯುವ ಹಾಗಾಗಬಾರದು.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ