ಹುಬ್ಬಳ್ಳಿಯ ನೆತ್ತಿಗೆ ಸೂರ್ಯ ಬರುವುದು 12 ಗಂಟೆಗಲ್ಲ

ಪ್ರೀತಿಯ ಗೆಳೆಯ,

ಬೇಸಿಗೆ ಶಿಬಿರದ ಮಕ್ಕಳಿಗೆ ಶೂನ್ಯ ನೆರಳಿನ ದಿನ, ಅಂದರೆ ಸೂರ್ಯ ನೇರ ನೆತ್ತಿಗೆ ಬಂದು ನೆಟ್ಟಗೆ ನಿಂತ ಕೋಲಿಗೆ ನೆರಳೇ ಇಲ್ಲವಾಗುವ ದಿನ, ತೋರಿಸಬೇಕು ಅಂತ ಬರೆದಿದ್ದೆಯಲ್ಲ, ಓದಿ ಬಹಳ ಖುಷಿಯಾಯಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಹುಬ್ಬಳ್ಳಿಗೆ ಆ ದಿನ ಮೇ 2, ಅಂದು ಮಕ್ಕಳನ್ನು 12 ಗಂಟೆಗೆ ಮಾಳಿಗೆ ಹತ್ತಿಸಿ, ನೋಡಿ ಇಳಿಸಿಬಿಡಬೇಡ. ಆ ಹೊತ್ತಿಗೆ ಒಂದು ಮೀಟರ್ ಕೋಲಿಗೆ ಇನ್ನೂ 11 ಸೆಂಟಿಮೀಟರ್ ನೆರಳು ಪಶ್ಚಿಮಕ್ಕೆ ಬಿದ್ದಿರುತ್ತದೆ. ಎಷ್ಟೋ ಕಡೆ ಪ್ರಯೋಗ ಕೆಡುವುದು ಇಲ್ಲೇ.

ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು, ಹುಬ್ಬಳ್ಳಿ ಇರುವುದು 75.1ರಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು, ಹಾಗಾಗಿ ನಿಮ್ಮೂರಿಗೆ ನಡು ಮಧ್ಯಾಹ್ನ ಅರ್ಧ ಗಂಟೆ ತಡ. ಮೇ ಮೊದಲ ವಾರದಲ್ಲಿ ಸೂರ್ಯ ಸರಾಸರಿಗಿಂತ 3 ನಿಮಿಷ ಮುಂದಿರುತ್ತಾನೆ, ಅದನ್ನು ಕಳೆ. 12:26–12:27 ಬಂತು. ದಿನ ತಪ್ಪಿದರೆ ಅಷ್ಟು ನಷ್ಟವಿಲ್ಲ, ನಿಮಿಷ ತಪ್ಪಿದರೆ ಇದೆ. ಆ ದಿನಗಳಲ್ಲಿ ಸೂರ್ಯ ಉತ್ತರಕ್ಕೆ ಸರಿಯುವುದು ದಿನಕ್ಕೆ 0.3 ಡಿಗ್ರಿ ಮಾತ್ರ, ಮೀಟರ್ ಕೋಲಿನಲ್ಲಿ ಅದು 5 ಮಿಲಿಮೀಟರ್. ನಾಲ್ಕೇ ನಿಮಿಷ ತಡವಾದರೆ 17 ಮಿಲಿಮೀಟರ್! ಹಾಗಾಗಿ 2ರಂದು ಮೋಡ ಕವಿದರೆ 3ರಂದು ಮಾಡು, ಬೇಸರವಿಲ್ಲ.

ಕೋಲಿಗಿಂತ 4 ಇಂಚಿನ ಪಿವಿಸಿ ಪೈಪಿನ ಒಂದು ಅಡಿ ತುಂಡು ಮಕ್ಕಳಿಗೆ ಚೆನ್ನ. ಎರಡೂ ತುದಿ ನೇರ ಕತ್ತರಿಸಿರಬೇಕು. 12:15ಕ್ಕೆ ಪೈಪಿನೊಳಗೆ ತಳದಲ್ಲಿ ಪೂರ್ವದ ಕಡೆ ಒಂದು ಕುಡುಗೋಲಿನಂಥ ನೆರಳು, ಉಳಿದದ್ದು ಬಿಸಿಲು. ಆ ನೆರಳು ಕಿರಿದಾಗುತ್ತಾ ಹೋಗಿ, ಕೊನೆಗೆ ತಳವೆಲ್ಲ ಬಿಸಿಲು ತುಂಬಿ, ಹೊರಗಿನ ನೆರಳು ಪೈಪಿನ ಬುಡಕ್ಕೆ ಬಂದು ಸೇರಿಕೊಳ್ಳುತ್ತದೆ. ಅಂಚು ಸ್ವಲ್ಪ ಮಸುಕಾಗಿಯೇ ಇರುತ್ತದೆ. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಪೈಪಿನೊಳಗಿಂದ ಮೇಲೆ ನೋಡಲು ಯಾರಾದರೂ ಬಗ್ಗಿಯೇ ಬಗ್ಗುತ್ತಾರೆ, ಖಂಡಿತ ಬಿಡಬೇಡ, ಕಣ್ಣು ಹೋಗುತ್ತದೆ.

ಇನ್ನು ಮಾಳಿಗೆ. ಮಳೆನೀರು ಹರಿಯಲೆಂದು ಅದಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ನೂರಕ್ಕೆ ಒಂದು ಇಳಿಜಾರಿದ್ದರೂ ಪೈಪು ಅರ್ಧ ಡಿಗ್ರಿಗಿಂತ ಹೆಚ್ಚು ವಾಲಿತು, ಅಂದರೆ ಸೂರ್ಯನ ಎರಡು ದಿನದ ನಡಿಗೆಯಷ್ಟು. ಒಂದು ಪ್ಲೈವುಡ್ ಹಲಗೆ ಇಟ್ಟು, ಅಡಿಗೆ ರಟ್ಟಿನ ಚೂರು ಕೊಟ್ಟು, ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡು. ಪಕ್ಕದಲ್ಲಿ ಮೀಟರ್ ಕೋಲನ್ನೂ ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, 12:15ರಿಂದ 12:40ರವರೆಗೆ ಮೂರು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿಸು. ಗುರುತುಗಳನ್ನು ಸೇರಿಸಿದರೆ ಕೋಲಿನ ಬುಡದ ಮೇಲೆ ಹಾಯುವ ಗೆರೆ, ಅದೇ ನಿಜವಾದ ಪಶ್ಚಿಮ–ಪೂರ್ವ. ನಮ್ಮ ಹಳೆಯ ಜ್ಯೋತಿಷಿಗಳು ಹೀಗೆ ನೆರಳು ಅಳೆಯುತ್ತಿದ್ದ ಗೂಟವೇ ಶಂಕು, ಅದರ ಎತ್ತರ 12 ಅಂಗುಲ.

ಮಕ್ಕಳಿಗೆ ಇನ್ನೊಂದು ಕೆಲಸ ಕೊಡು: ಆ ದಿನ ಯಾವ ಮಳೆ ಅಂತ ಮನೆಯಲ್ಲಿ ಅಜ್ಜಿಯನ್ನು ಕೇಳಿಕೊಂಡು ಬರಲಿ. ಭರಣಿ ಅನ್ನುತ್ತಾರೆ. ಮಳೆಯ ಹೆಸರು ಸೂರ್ಯ ನಿಂತ ನಕ್ಷತ್ರದ್ದು, ಒಂದೊಂದಕ್ಕೆ 13–14 ದಿನ. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು. ನೆತ್ತಿಯ ದಿನವನ್ನು ಗೊತ್ತುಮಾಡುವುದು ಭೂಮಿಯ ವಾಲಿಕೆ, ಮಳೆಯನ್ನು ಗೊತ್ತುಮಾಡುವುದು ನಕ್ಷತ್ರ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನಕ್ಕೆ ತೂಗಾಡುವುದರಿಂದ ಈ ಎರಡು ಲೆಕ್ಕಗಳ ನಡುವೆ ಸುಮಾರು 70 ವರ್ಷಕ್ಕೆ ಒಂದು ದಿನ ಅಂತರ ಬೀಳುತ್ತದೆ. ಸಾವಿರ ವರ್ಷದ ಹಿಂದೆ, ಕಲ್ಯಾಣದ ಚಾಲುಕ್ಯರು ಆಳುತ್ತಿದ್ದಾಗ, ಇದೇ ನೆಲದ ನೆತ್ತಿಗೆ ಸೂರ್ಯ ಬರುತ್ತಿದ್ದದ್ದು ಕೃತ್ತಿಕೆಯಲ್ಲಿ. ಸಂಕ್ರಾಂತಿಯನ್ನು ಉತ್ತರಾಯಣ ಅನ್ನುತ್ತೇವೆ, ಆದರೆ ಸೂರ್ಯ ಉತ್ತರಕ್ಕೆ ತಿರುಗಿ ಮೂರು ವಾರ ಆಗಿರುತ್ತದೆ. ಅದಕ್ಕೂ ಇದೇ ಕಾರಣ.

ದಕ್ಷಿಣಕ್ಕೆ ಮರಳುವಾಗ ಸೂರ್ಯ ಆಗಸ್ಟ್ 10–11ಕ್ಕೆ ಮತ್ತೆ ಹುಬ್ಬಳ್ಳಿಯ ನೆತ್ತಿಗೆ ಬರುತ್ತಾನೆ, ಸಮಯ 12:35ರ ಆಸುಪಾಸು. ಆಗ ಮಕ್ಕಳೆಲ್ಲ ಶಾಲೆಯಲ್ಲಿ ಸಿಗುತ್ತಾರೆ, ಆದರೆ ಅದು ಆಶ್ಲೇಷ ಮಳೆಯ ಕಾಲ, ಬಿಸಿಲು ಸಿಗುವುದು ಕಷ್ಟ. ಮೇ ತಿಂಗಳನ್ನೇ ನಂಬು. ಹಲಗೆಯನ್ನು ಹಿಂದಿನ ದಿನವೇ ಮಟ್ಟ ಮಾಡಿಡು.

ನಿನ್ನ ಗೆಳೆಯ